ವಿಮಾನಮಾರ್ಗದ ದೂರ ಮತ್ತು ಪ್ರಯಾಣಕಾಲ

ಎರಡು ವಿಮಾನ ನಿಲ್ದಾಣಗಳ ನಡುವಣ ದೂರವನ್ನು ವಿಮಾನದ ವೇಗದಿಂದ ಭಾಗಿಸಿದರೆ ಪ್ರಯಾಣಕಾಲವು ದೊರೆಯುವುದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಈ ಭಾವನೆ ಅಪೂರ್ಣವಾದುದು. ದೂರವು ಭೂಮಿಯ ಆಕಾರವನ್ನು ಅವಲಂಬಿಸಿದರೆ, ಕಾಲವು ಬಹುಮಟ್ಟಿಗೆ ವಾಯುಮಂಡಲವನ್ನು ಅವಲಂಬಿಸುತ್ತದೆ. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣಗಳನ್ನು ಉದಾಹರಣೆಯಾಗಿಟ್ಟುಕೊಂಡು ಈ ಭೇದವನ್ನು ಪರಿಶೀಲಿಸೋಣ.

ಬೆಂಗಳೂರು ನಿಲ್ದಾಣವು ಉತ್ತರ ಅಕ್ಷಾಂಶ 13.2°, ಪೂರ್ವ ರೇಖಾಂಶ 77.7° ಇರುವಲ್ಲಿಯೂ, ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣವು ಉತ್ತರ ಅಕ್ಷಾಂಶ 37.6°, ಪಶ್ಚಿಮ ರೇಖಾಂಶ 122.4° ಇರುವಲ್ಲಿಯೂ ಇವೆ. ಮರ್ಕೇಟರ್ ಭೂಪಟದಲ್ಲಿ ಬೆಂಗಳೂರಿನಿಂದ ಪೂರ್ವಾಭಿಮುಖವಾಗಿ ಸರಳರೇಖೆಯನ್ನೆಳೆದರೆ ಅದು ಪೆಸಿಫಿಕ್ ಸಾಗರವನ್ನು ದಾಟಿ ಸ್ಯಾನ್ ಫ್ರಾನ್ಸಿಸ್ಕೊವನ್ನು ಸೇರುತ್ತದೆ. ಆ ದಾರಿಯ ಉದ್ದ ಸುಮಾರು 16,100 ಕಿಲೋಮೀಟರು. ಆದರೆ ಗೋಳದ ಮೇಲೆ ಅತ್ಯಂತ ಹತ್ತಿರದ ದಾರಿಯೆಂದರೆ ಮಹಾವೃತ್ತದ ಕಂಸ. ಎಂದರೆ, ಭೂಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತದ ಭಾಗ.

ಇದರ ಗಣನೆ ಸುಲಭ. ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧವನ್ನು ತೆಗೆದುಕೊಳ್ಳಬೇಕು. ಅದಕ್ಕೆ ಆ ಅಕ್ಷಾಂಶಗಳ ಕೊಸೈನ್‌ಗಳು ಹಾಗೂ ರೇಖಾಂಶವ್ಯತ್ಯಾಸದ ಕೊಸೈನ್, ಈ ಮೂರರ ಗುಣಲಬ್ಧವನ್ನು ಕೂಡಿಸಬೇಕು. ಬರುವ ಮೊತ್ತವೇ ಕೇಂದ್ರಕೋನದ ಕೊಸೈನ್. ಇಲ್ಲಿ ರೇಖಾಂಶವ್ಯತ್ಯಾಸ 159.9°, ಕೇಂದ್ರಕೋನ 125.8°. ಒಂದು ಅಂಶಕ್ಕೆ 111.2 ಕಿಲೋಮೀಟರಿನಂತೆ ದೂರವು ಸುಮಾರು 13,990 ಕಿಲೋಮೀಟರು ಆಗುತ್ತದೆ. ಈ ಕಂಸವು ಉತ್ತರದಲ್ಲಿ 71° ಅಕ್ಷಾಂಶದವರೆಗೆ ಏರುತ್ತದೆ. ಧ್ರುವಬಿಂದುವಿನ ಮೇಲೆಯೇ ಹಾದುಹೋದರೂ ಹೆಚ್ಚುವ ದೂರ 380 ಕಿಲೋಮೀಟರು ಮಾತ್ರ.

ಇನ್ನು ಕಾಲದ ವಿಚಾರ. ಗಂಟೆಗೆ 900 ಕಿಲೋಮೀಟರು ವೇಗವನ್ನು ಗ್ರಹಿಸಿದರೆ ಪ್ರಯಾಣವು ಹದಿನೈದೂವರೆ ಗಂಟೆಗಳಲ್ಲಿ ಮುಗಿಯಬೇಕು. 2021ರಲ್ಲಿ ಏರ್ ಇಂಡಿಯಾ ಸಂಸ್ಥೆಯು ಈ ನಗರಗಳ ನಡುವೆ ನೇರ ಸಂಚಾರವನ್ನು ಆರಂಭಿಸಿತು. ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳೆಯರೇ ನಡೆಸಿದ ಮೊದಲ ವಿಮಾನವು ಉತ್ತರಧ್ರುವದ ಮೇಲಿಂದ ಬಂದಿತು. ಅದರ ವೇಳಾಪಟ್ಟಿಯಂತೆ ಜನವರಿ 9ರ ರಾತ್ರಿ 8:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದಿಂದ ನಿರ್ಗಮನ, 11ರ ಬೆಳಗಿನ ಜಾವ 3:45ಕ್ಕೆ ಬೆಂಗಳೂರಿಗೆ ಆಗಮನ. ಗಡಿಯಾರಗಳ ಅಂತರ 31 ಗಂಟೆ 15 ನಿಮಿಷ. ಚಳಿಗಾಲದಲ್ಲಿ ಭಾರತದ ಕಾಲವು ಅಲ್ಲಿನ ಕಾಲಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದರಿಂದ, ಅಷ್ಟನ್ನು ಕಳೆದರೆ ಉಳಿಯುವುದು 17 ಗಂಟೆ 45 ನಿಮಿಷ. ನೆಲದ ಮೇಲಿನ ಚಲನೆ, ಮೇಲೇರುವಿಕೆ, ಇಳಿಯುವಿಕೆ, ಮಾರ್ಗದ ತಿರುವುಗಳು ಮತ್ತು ಗಾಳಿ ಇವೆಲ್ಲ ಸೇರಿ ಗಣಿತದ ಉತ್ತರವನ್ನು ಹಿಗ್ಗಿಸುತ್ತವೆ.

ಗಾಳಿಯು ವಿರೋಧಿಯೇ ಆಗಬೇಕೆಂದಿಲ್ಲ. 2016ರ ಅಕ್ಟೋಬರಿನಲ್ಲಿ ಅದೇ ಸಂಸ್ಥೆಯು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವ ವಿಮಾನವನ್ನು ಅಟ್ಲಾಂಟಿಕ್ ಮಾರ್ಗದಿಂದ ಪೆಸಿಫಿಕ್ ಮಾರ್ಗಕ್ಕೆ ಬದಲಿಸಿತು. ದೂರವು 15,300 ಕಿಲೋಮೀಟರಿಗೆ ಹೆಚ್ಚಿದರೂ, ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿ ಪ್ರಯಾಣ ಮುಗಿದು ಮೊದಲಿಗಿಂತ ಕಾಲವು ಉಳಿಯಿತು. ಇದರಿಂದ ನೆಲದ ಮೇಲಿನ ಸರಾಸರಿ ವೇಗವು ಗಂಟೆಗೆ 1,055 ಕಿಲೋಮೀಟರು ಎಂದಾಗುತ್ತದೆ. ವಿಮಾನದ ಸ್ವಂತ ವೇಗವನ್ನು ಮೀರಿದ ಈ ಅಂಶವು ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ವಾಯುಪ್ರವಾಹದ ಕೊಡುಗೆ.

ಈ ವಿವೇಚನೆ ಕೇವಲ ಕುತೂಹಲದ್ದಲ್ಲ. ಎಂಜಿನ್ನು ಇಂಧನವನ್ನು ಉರಿಸುವುದು ಹಾರಿದಷ್ಟು ಹೊತ್ತು; ಭೂಪಟದ ಮೇಲಿನ ದೂರವನ್ನು ಅದು ಅರಿಯದು. ಆದಕಾರಣ ಮಾರ್ಗವನ್ನು ನಿಶ್ಚಯಿಸುವವರು ಆ ದಿನದ ಗಾಳಿಯನ್ನು ಅರಿತು, ಮೀಸಲು ಇಂಧನವನ್ನೂ ಸೇರಿಸಿ ಲೆಕ್ಕ ಹಾಕುತ್ತಾರೆ. ಅತ್ಯಂತ ಹ್ರಸ್ವವಾದ ಮಾರ್ಗವೇ ಅತ್ಯಂತ ಶೀಘ್ರವಾದ ಮಾರ್ಗವೆಂಬ ನಿಯಮವಿಲ್ಲ.