ಕೈಗಡಿಯಾರ ಹೇಳಿದ ಹೆಸರು

1996ನೆಯ ಇಸವಿ ಜುಲೈ ತಿಂಗಳ 28ನೆಯ ತಾರೀಖು ಇಂಗ್ಲೆಂಡಿನ ದಕ್ಷಿಣ ತೀರದ ಡೆವನ್ ಪ್ರಾಂತದ ಮೀನುಗಾರನೊಬ್ಬನು ಕಡಲಿನಲ್ಲಿ ಬಲೆಯನ್ನೆಳೆದಾಗ ಮೀನಿನ ಜತೆಗೆ ಒಬ್ಬ ಮನುಷ್ಯನ ಶವವೂ ಮೇಲೆ ಬಂದಿತು. ಅದೇ ಬಲೆಯಲ್ಲಿ ಸುಮಾರು ಹತ್ತು ಪೌಂಡು ತೂಕದ ಚಿಕ್ಕ ಲಂಗರೊಂದಿತ್ತು. ಕಡಲಿನ ತಳದಲ್ಲಿ ಹಳೆಯ ಕಬ್ಬಿಣದ ಸಾಮಾನುಗಳು ಬಲೆಗೆ ಸಿಕ್ಕುವುದು ಹೊಸತಲ್ಲವಾದುದರಿಂದ ಲಂಗರಿಗೂ ಶವಕ್ಕೂ ಸಂಬಂಧವಿರಬಹುದೆಂದು ಆ ಹೊತ್ತಿಗೆ ಯಾರಿಗೂ ಹೊಳೆಯಲಿಲ್ಲ.

ಸತ್ತವನು ನಡುವಯಸ್ಸಿನವನು. ಜೇಬಿನಲ್ಲಿ ಕಾಗದಪತ್ರವಿಲ್ಲ, ಹಣದ ಚೀಲವಿಲ್ಲ. ತಲೆಯ ಹಿಂಭಾಗದಲ್ಲಿ ಪೆಟ್ಟಿನ ಗುರುತಿತ್ತು. ಕೈಯ ಮೇಲೆ ಮೇಪಲ್ ಮರದ ಎಲೆಯಾಕಾರದ ಹಚ್ಚೆ. ಮಣಿಕಟ್ಟಿನಲ್ಲಿ ಒಂದು ರೋಲೆಕ್ಸ್ ಕೈಗಡಿಯಾರ. ಬೇರೇನೂ ಇಲ್ಲ. ಕಾಣೆಯಾದವನೆಂದು ದೂರು ಕೊಟ್ಟವರೂ ಇರಲಿಲ್ಲ. ಹೆಸರಿಲ್ಲದ ಶವದ ಕೊಲೆಗಾರನನ್ನು ಹುಡುಕುವುದೆಂದರೆ ವಿಳಾಸವಿಲ್ಲದ ಕಾಗದವನ್ನು ಮುಟ್ಟಿಸಲು ಹೊರಟ ಅಂಚೆಯವನ ಪಾಡು. ಆದುದರಿಂದ ಡೆವನ್ನಿನ ಪೊಲೀಸರು ಮೊದಲು ಕೈಹಾಕಿದ್ದು ಆ ಗಡಿಯಾರಕ್ಕೆ.

ಬೆಲೆಬಾಳುವ ಇಂಥ ಗಡಿಯಾರಗಳ ಕವಚದ ಮೇಲೆ ತಯಾರಕರು ಒಂದೊಂದಕ್ಕೂ ಬೇರೆ ಬೇರೆ ಕ್ರಮಸಂಖ್ಯೆಯನ್ನು ಕೊರೆದಿರುತ್ತಾರೆ. ಅದನ್ನು ಬಿಚ್ಚಿ ಶುದ್ಧಮಾಡಿದ ರಿಪೇರಿಗಾರನು ಒಳಮುಚ್ಚಳದಲ್ಲಿ ಸೂಜಿಯ ಮೊನೆಯಿಂದ ತನ್ನ ಗುರುತನ್ನು ಗೀಚಿಡುವುದುಂಟು. ಮುಂಬಯಿಯ ಬೀದಿಬದಿಯ ಗಡಿಯಾರದವರಲ್ಲಿಯೂ ಈ ಪದ್ಧತಿ ಇದ್ದುದನ್ನು ನಮ್ಮ ಹಿರಿಯ ವಾಚಕರು ಕಂಡಿರಬಹುದು. ಅದೇ ಗಿರಾಕಿ ಮತ್ತೆ ಬಂದು ತಕರಾರು ಮಾಡಿದರೆ ತಾನು ಎಂದು ಬಿಚ್ಚಿದ್ದೆನೆಂದು ತಿಳಿಯಲಿ ಎಂಬುದಷ್ಟೇ ಅದರ ಉದ್ದೇಶ. ಆ ಸಂಖ್ಯೆಯನ್ನೂ ಗೀಚುಗಳನ್ನೂ ಹಿಡಿದು ಪೊಲೀಸರು ರೋಲೆಕ್ಸ್ ಕಂಪೆನಿಯ ರಿಪೇರಿ ದಾಖಲೆಗಳವರೆಗೆ ಹೋದರು. ಗಡಿಯಾರವು ಉತ್ತರ ಇಂಗ್ಲೆಂಡಿನ ಹ್ಯಾರೊಗೇಟ್ ಪಟ್ಟಣದಲ್ಲಿ ರಿಪೇರಿಗೆ ಬಂದಿದ್ದಿತು. ಒಡೆಯನ ಹೆಸರು ರೊನಾಲ್ಡ್ ಪ್ಲಾಟ್.

ಯಾವನೋ ಗುಮಾಸ್ತನು ತನ್ನ ಪಾಡಿಗೆ ಬರೆದಿಟ್ಟ ಒಂದು ಸಾಲು ಅನಾಥ ಶವಕ್ಕೆ ಹೆಸರನ್ನು ಕೊಟ್ಟಿತು. ಲೆಕ್ಕದ ಪುಸ್ತಕ ಬರೆಯುವ ನಮ್ಮ ವಾಚಕರು ಇದನ್ನು ಗಮನಿಸಬೇಕೆಂದು ನಮ್ಮ ಆಸೆ.

ಈ ಪ್ಲಾಟ್ ಯಾರು? ಇಂಗ್ಲೆಂಡಿನವನೇ. ಹಿಂದೆ ಸೈನ್ಯದಲ್ಲಿದ್ದವನು, ಆಮೇಲೆ ಟೆಲಿವಿಷನ್ ಯಂತ್ರಗಳ ರಿಪೇರಿ ಕಲಿತು ಬಾಳುತ್ತಿದ್ದವನು. ಬಾಲ್ಯದ ಕೆಲವು ವರ್ಷಗಳನ್ನು ಕೆನಡಾದಲ್ಲಿ ಕಳೆದಿದ್ದನು. ಮೇಪಲ್ ಎಲೆ ಆ ದೇಶದ ಬಾವುಟದ ಚಿಹ್ನೆ. ಅದನ್ನೇ ಕೈಯ ಮೇಲೆ ಹಚ್ಚೆ ಹೊಯ್ಯಿಸಿಕೊಂಡಿದ್ದನು. ಮತ್ತೆ ಅಲ್ಲಿಗೆ ಹೋಗಿ ನೆಲೆಸಬೇಕೆಂಬುದು ಅವನ ಜೀವಮಾನದ ಕನಸು. ಹೋಗಲು ಹಣವಿಲ್ಲ. ಊರನ್ನು ಬಿಟ್ಟು ಬಂದು, ಎಂದಾದರೊಮ್ಮೆ ಹಿಂದಿರುಗಿ ಒಂದು ತುಂಡು ಜಾಗ ಮಾಡಿಕೊಳ್ಳಬೇಕೆಂದು ಮೂವತ್ತು ವರ್ಷ ಗಲ್ಲಾದ ಮುಂದೆ ಕುಳಿತವರಿಗೆ ಆ ಹಂಬಲದ ರುಚಿಯನ್ನು ನಾವು ವಿವರಿಸಬೇಕಾಗಿಲ್ಲ.

ಇಂಥವನಿಗೆ ಹ್ಯಾರೊಗೇಟಿನಲ್ಲಿ ಒಬ್ಬ ಉಪಕಾರಿ ಸಿಕ್ಕಿದನು. ಹೆಸರು ಡೇವಿಡ್ ಡೇವಿಸ್ ಎಂದು ಹೇಳಿಕೊಂಡನು. ಸಭ್ಯ, ಮಾತುಗಾರ, ಕೈಯಲ್ಲಿ ಹಣವುಳ್ಳವನು. ಪ್ಲಾಟನ ಗೆಳತಿಗೂ ಅವನಿಗೂ ತಾನು ತೆರೆದ ಕಂಪೆನಿಯಲ್ಲಿ ಸ್ಥಾನವನ್ನು ಕೊಟ್ಟನು. 1992ರ ಕ್ರಿಸ್‌ಮಸ್ ಸಮಯದಲ್ಲಿ ಇಬ್ಬರಿಗೂ ಕೆನಡಾಕ್ಕೆ ವಿಮಾನದ ಟಿಕೆಟನ್ನು ಉಡುಗೊರೆಯಾಗಿ ಕೊಟ್ಟನು. 1993ರ ಫೆಬ್ರವರಿಯಲ್ಲಿ ಅವರು ಹೊರಟರು. ಹೊರಡುವಾಗ ಪ್ಲಾಟನ ಜನನಪತ್ರ, ವಾಹನ ಚಾಲನೆಯ ಪರವಾನೆ, ಅವನ ಸಹಿಯ ರಬ್ಬರ್ ಮುದ್ರೆ ಇವು ಡೇವಿಸನ ವಶದಲ್ಲುಳಿದವು.

ಪ್ಲಾಟನು ಸಮುದ್ರವನ್ನು ದಾಟಿದ ಮೇಲೆ ಡೇವಿಸನು ಇಂಗ್ಲೆಂಡಿನಲ್ಲಿ ರೊನಾಲ್ಡ್ ಪ್ಲಾಟನಾದನು.

ಇದು ಹೇಗೆ ಸಾಧ್ಯವಾಯಿತೆಂದು ವಾಚಕರು ಕೇಳಬಹುದು. ಇಂಗ್ಲೆಂಡಿನಲ್ಲಿ ಪ್ರತಿಯೊಬ್ಬ ಪ್ರಜೆಗೂ ಕೊಡುವ ಗುರುತಿನ ಚೀಟಿ ಆಗ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೊಟ್ಟಿದ್ದ ಚೀಟಿಗಳನ್ನು 1952ರಲ್ಲಿ ರದ್ದುಪಡಿಸಿದ್ದರು. ಜನನಪತ್ರವನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ಪಡೆಯಬಹುದು. ವಾಹನ ಚಾಲನೆಯ ಪರವಾನೆಯೆಂದರೆ 1998ರವರೆಗೂ ಅಲ್ಲಿ ಒಂದು ಕಾಗದದ ಹಾಳೆ, ಅದರಲ್ಲಿ ಭಾವಚಿತ್ರವಿರುತ್ತಿರಲಿಲ್ಲ. ಹೀಗಾಗಿ ಕಾಗದ ಯಾರ ಕೈಯಲ್ಲಿದೆಯೋ ಅವನೇ ಆ ಹೆಸರಿನವನು. ಬ್ಯಾಂಕಿಗೂ ಮನೆಯ ಮಾಲೀಕನಿಗೂ ಅಷ್ಟೇ ಸಾಕು. ವಯಸ್ಸಿನಲ್ಲಿಯೂ ಇಬ್ಬರು ಹೆಚ್ಚುಕಡಮೆ ಸಮಾನರು.

ನಮ್ಮಲ್ಲಿ ಆಧಾರ್ ಚೀಟಿಯ ಮೇಲೆ ಮುಖವೇನೋ ಇದೆ. ಆದರೆ ಅದರ ಜೆರಾಕ್ಸಿನ ಜೆರಾಕ್ಸಿನಲ್ಲಿ ಮುಖವು ಕರಿಯ ಮಚ್ಚೆಯಾಗಿರುತ್ತದೆ, ಸಂಖ್ಯೆ ಮಾತ್ರ ಸ್ಪಷ್ಟವಾಗಿರುತ್ತದೆ. ಖೋಲಿಯ ಬಾಡಿಗೆಗೆ ಒಂದು ಪ್ರತಿ, ಸಿಮ್ ಕಾರ್ಡಿಗೆ ಒಂದು, ಕೆಲಸ ಕೊಡಿಸುವವನಿಗೆ ಎರಡು ಎಂದು ನಮ್ಮ ಹುಡುಗರು ಹಂಚುತ್ತ ಹೋಗುವುದನ್ನು ನಾವು ದಿನವೂ ನೋಡುತ್ತೇವೆ. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ತೋರಿಸಿ ಉಳಿದವನ್ನು ಮುಚ್ಚಿದ ಆಧಾರ್ ಪ್ರತಿಯನ್ನು ಪಡೆಯುವ ಸೌಕರ್ಯವನ್ನು ಆಧಾರ್ ಪ್ರಾಧಿಕಾರವೇ ಒದಗಿಸಿದೆ. ಪ್ರತಿಯ ಮೇಲೆ ಯಾವ ಕೆಲಸಕ್ಕಾಗಿ, ಯಾವ ತಾರೀಖಿನಂದು ಕೊಟ್ಟದ್ದೆಂದು ಅಡ್ಡಲಾಗಿ ಬರೆದು ಸಹಿ ಹಾಕುವ ಹಳೆಯ ಗುಮಾಸ್ತರ ರೂಢಿಯೂ ಬಿಡತಕ್ಕದ್ದಲ್ಲ. ಇರಲಿ, ಕಥೆಗೆ ಬರೋಣ.

ಡೇವಿಸ್ ಎಂಬುದೂ ಎರವಲಿನ ಹೆಸರೇ. ಅವನ ನಿಜವಾದ ಹೆಸರು ಆಲ್ಬರ್ಟ್ ಜಾನ್ಸನ್ ವಾಕರ್. ಕೆನಡಾದ ಒಂಟೇರಿಯೋ ಪ್ರಾಂತದವನು. ಜನರ ಉಳಿತಾಯದ ಹಣವನ್ನು ಲಾಭಕ್ಕೆ ತೊಡಗಿಸಿಕೊಡುವ ವ್ಯವಹಾರವನ್ನು ನಡೆಸುತ್ತಿದ್ದನು. ಊರಿನ ಚರ್ಚಿನಲ್ಲಿ ಗೌರವಸ್ಥನೆನಿಸಿದ್ದನು. ಸುಮಾರು 70 ಗಿರಾಕಿಗಳ 32 ಲಕ್ಷ ಡಾಲರುಗಳಷ್ಟು ಹಣವನ್ನು ಲಪಟಾಯಿಸಿ 1990ರಲ್ಲಿ ತನ್ನ ಒಬ್ಬ ಮಗಳೊಡನೆ ಇಂಗ್ಲೆಂಡಿಗೆ ಓಡಿಬಂದಿದ್ದನು. ಆ ಎಳೆಯ ಹುಡುಗಿಯನ್ನು ನೆರೆಹೊರೆಯವರ ಮುಂದೆ ತನ್ನ ಹೆಂಡತಿಯೆಂದು ಹೇಳಿಕೊಂಡು ತಿರುಗಿದನೆಂಬುದನ್ನು ಬರೆಯಲು ನಮ್ಮ ಲೇಖನಿ ಹಿಂಜರಿಯುತ್ತದೆ.

ಇತ್ತ ಕೆನಡಾದಲ್ಲಿ ಪ್ಲಾಟನ ಕನಸು ನಿಲ್ಲಲಿಲ್ಲ. ನೆಟ್ಟಗಿನ ಕೆಲಸ ಸಿಕ್ಕಲಿಲ್ಲ, ಗೆಳತಿ ಮೊದಲೇ ಹಿಂದಿರುಗಿದಳು. 1995ರಲ್ಲಿ ಬರಿಗೈಯಲ್ಲಿ ಅವನೂ ಇಂಗ್ಲೆಂಡಿಗೆ ಬಂದು ಎಸೆಕ್ಸ್ ಪ್ರಾಂತದ ಚೆಮ್ಸ್‌ಫರ್ಡ್ ಪಟ್ಟಣದಲ್ಲಿ ಬಾಡಿಗೆಗೆ ನಿಂತನು. ತನಗೆ ಉಪಕಾರಮಾಡಿದ ಡೇವಿಸನು ಅಲ್ಲಿಗೆ ಸಮೀಪದ ಹಳ್ಳಿಯೊಂದರಲ್ಲಿ ತನ್ನದೇ ಹೆಸರಿನಿಂದ ಬಾಳುತ್ತಿದ್ದಾನೆಂಬುದು ಅವನಿಗೆ ತಿಳಿಯದು. ಒಂದೇ ಜನನಪತ್ರಕ್ಕೆ ಈಗ ಇಬ್ಬರು ಮನುಷ್ಯರು. ತೆರಿಗೆಯ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಒಂದಲ್ಲ ಒಂದು ದಿನ ಇಬ್ಬರ ಕಾಗದಗಳು ಒಂದೇ ಮೇಜಿನ ಮೇಲೆ ಬೀಳುವುದು ನಿಶ್ಚಯ. ಪ್ಲಾಟನ ಅಪರಾಧವೆಂದರೆ ಅವನು ತನ್ನ ಹೆಸರನ್ನು ಹೊತ್ತುಕೊಂಡು ಹಿಂದಿರುಗಿದ್ದು.

ಸತ್ತವನ ಹೆಸರು ತಿಳಿದ ಮೇಲೆ ಪೊಲೀಸರು ಚೆಮ್ಸ್‌ಫರ್ಡಿನ ಬಾಡಿಗೆಯ ಮನೆಯನ್ನು ಕಂಡುಹಿಡಿದರು. ಮನೆ ಹಿಡಿಯುವಾಗ ಪ್ಲಾಟನು ಪರಿಚಯಸ್ಥನೆಂದು ಡೇವಿಡ್ ಡೇವಿಸನ ಹೆಸರನ್ನೂ ಮೊಬೈಲ್ ಸಂಖ್ಯೆಯನ್ನೂ ಕೊಟ್ಟಿದ್ದನು. ಪೊಲೀಸರು ಕರೆದಾಗ ಡೇವಿಸನು ತಾನಾಗಿ ಬಂದು ಮರುಗಿದನು. ಪ್ಲಾಟನು ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೊರಟಿದ್ದನೆಂದು ನಂಬಿಕೆ ಬರುವಂತೆ ಹೇಳಿದನು. ಪೊಲೀಸರಿಗೆ ಸಂಶಯವೂ ಬಂದಂತಿಲ್ಲ. ಬಳಿಕ ಹೆಚ್ಚಿನ ಹೇಳಿಕೆಗೆಂದು ಅವನ ಹಳ್ಳಿಗೆ ಹೋದ ಅಧಿಕಾರಿಯು ಮನೆಯನ್ನು ತಪ್ಪಿ ಪಕ್ಕದ ಮನೆಯ ಬಾಗಿಲನ್ನು ತಟ್ಟಿದನು. ಡೇವಿಸ್ ಎಂಬವರು ಇಲ್ಲಿ ಯಾರೂ ಇಲ್ಲ, ಪಕ್ಕದಲ್ಲಿರುವವರು ರೊನಾಲ್ಡ್ ಪ್ಲಾಟ್ ಮತ್ತು ಅವರ ಎಳೆಯ ಹೆಂಡತಿ ಎಂದು ನೆರೆಯವರು ಹೇಳಿದರು. ಶವಾಗಾರದಲ್ಲಿರುವ ಮನುಷ್ಯನು ಪಕ್ಕದ ಮನೆಯಲ್ಲಿ ಸಂಸಾರ ಮಾಡುತ್ತಿದ್ದಾನೆಂದರೆ ಕೇಳಿದ ಅಧಿಕಾರಿಯ ಮುಖ ಹೇಗಾಗಿರಬೇಕು! ಅಕ್ಟೋಬರ್ 31ರಂದು ಅವನನ್ನು ಹಿಡಿದರು.

ಹಿಡಿದುದು ಅರ್ಧ ಕೆಲಸ ಮಾತ್ರ. ಹೆಸರನ್ನು ಕದ್ದವನೇ ಕೊಂದವನೆಂದು ನ್ಯಾಯಾಲಯವು ಒಪ್ಪಬೇಕಾದರೆ ಸಾಕ್ಷ್ಯ ಬೇಕು. ಕಡಲಿನಲ್ಲಿ ನಡೆದ ಕೊಲೆಗೆ ಕಣ್ಣಾರೆ ಕಂಡವರಿಲ್ಲ. ನ್ಯಾಯವೈಜ್ಞಾನಿಕ ತಂಡದವರ ನಿಜವಾದ ಕಸುಬು ಇಲ್ಲಿ ಮೊದಲಾಯಿತು. ನಾವು ಬಹುವಾಗಿ ಮೆಚ್ಚುವುದೂ ಈ ಭಾಗವನ್ನೇ.

ಮೊದಲನೆಯದಾಗಿ ಆ ಲಂಗರು. ಮೀನುಗಾರನಿಂದ ಅದನ್ನು ತರಿಸಿ ಪರೀಕ್ಷಿಸಿದರು. ಲಂಗರಿಗೆ ತುಕ್ಕು ಹಿಡಿಯದಿರಲೆಂದು ಸತುವಿನ ಲೇಪ ಕೊಟ್ಟಿರುತ್ತಾರೆ. ಸತ್ತವನ ಚರ್ಮದ ಬೆಲ್ಟಿನ ಮೇಲೆ ಸತುವಿನ ಕಣಗಳು ಕಂಡುಬಂದವು. ಲಂಗರನ್ನು ಬೆಲ್ಟಿಗೆ ಸಿಕ್ಕಿಸಿ ಮನುಷ್ಯನನ್ನು ನೀರಿಗೆ ತಳ್ಳಿದ್ದರೆಂಬುದಕ್ಕೆ ಇದು ಆಧಾರವಾಯಿತು. ಹತ್ತು ಪೌಂಡಿನ ಭಾರವು ಅವನನ್ನು ತಳಕ್ಕೆ ಒಯ್ದಿತು. ಬಲೆಯು ಅಲ್ಲಿಯೇ ಹಾಯದಿದ್ದರೆ ಅವನು ಇಂದಿಗೂ ಅಲ್ಲಿಯೇ ಇರುತ್ತಿದ್ದನು.

ವಾಕರನ ಬಳಿ ಲೇಡಿ ಜೇನ್ ಎಂಬ ಹಾಯಿದೋಣಿಯಿದ್ದಿತು. ಅದನ್ನು ಅಂಗುಲ ಅಂಗುಲವಾಗಿ ಶೋಧಿಸಿದರು. ಮೆತ್ತೆಯಲ್ಲಿ ಸಿಕ್ಕಿದ ಕೂದಲು ಡಿ.ಎನ್.ಎ. ಪರೀಕ್ಷೆಯಲ್ಲಿ ಪ್ಲಾಟನದಕ್ಕೆ ಹೊಂದಿತು. ಪ್ಲಾಸ್ಟಿಕ್ ಚೀಲವೊಂದರ ಮೇಲೆ ಅವನ ಬೆರಳಚ್ಚು ದೊರೆಯಿತು. ಬೆರಳಚ್ಚುಗಳನ್ನು ವರ್ಗೀಕರಿಸುವ ಶಾಸ್ತ್ರವು ನಮ್ಮ ದೇಶದ ಕಲ್ಕತ್ತೆಯಲ್ಲಿ ಬೆಳೆದುದೆಂದು ಎಷ್ಟು ಜನರಿಗೆ ಗೊತ್ತು? ಜಗತ್ತಿನ ಮೊದಲ ಬೆರಳಚ್ಚು ಕಚೇರಿ 1897ರಲ್ಲಿ ಅಲ್ಲಿಯೇ ಆರಂಭವಾಯಿತು. ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಪೊಲೀಸ್ ನೌಕರರು ಅದರ ಲೆಕ್ಕಾಚಾರವನ್ನು ರೂಪಿಸಿದರು. ಶಾಸ್ತ್ರಕ್ಕೆ ಮಾತ್ರ ಅವರ ಮೇಲಧಿಕಾರಿ ಹೆನ್ರಿ ಸಾಹೇಬನ ಹೆಸರಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ 1901ರಲ್ಲಿ ಅದನ್ನು ಕೈಗೊಂಡಿತು. ಹೆಸರಿನ ಕಳ್ಳತನದಲ್ಲಿ ಇದೂ ಒಂದು ಬಗೆಯೆಂದು ಯಾರಾದರೂ ಅಂದರೆ ನಾವು ವಾದಿಸುವುದಿಲ್ಲ.

ದೋಣಿಯು ಕಡಲಿನಲ್ಲಿ ಎಲ್ಲಿದೆಯೆಂದು ಉಪಗ್ರಹಗಳ ಸಹಾಯದಿಂದ ತಿಳಿಸುವ ಜಿ.ಪಿ.ಎಸ್. ಯಂತ್ರವೂ ವಾಕರನ ವಸ್ತುಗಳಲ್ಲಿ ಸಿಕ್ಕಿತು. ಯಂತ್ರವು ನೆನಪಿಟ್ಟುಕೊಂಡಿದ್ದ ಸ್ಥಾನವನ್ನು ತಜ್ಞರು ಓದಿದರು. ಜುಲೈ 20ರ ರಾತ್ರಿ ದೋಣಿಯು ಶವ ಸಿಕ್ಕಿದ ಸ್ಥಳಕ್ಕೆ ಕೆಲವೇ ಮೈಲಿಗಳ ಅಂತರದಲ್ಲಿದ್ದಿತು.

ಇನ್ನು ಗಡಿಯಾರ ಮತ್ತೊಮ್ಮೆ ಮಾತನಾಡಿತು. ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರವನ್ನು ಕಟ್ಟಿದವರಿಗೆ ದಿನವೂ ಬೆಳಿಗ್ಗೆ ಕೀಲಿ ಕೊಡುವ ಅಭ್ಯಾಸ ನೆನಪಿರುತ್ತದೆ. ಪ್ಲಾಟನ ರೋಲೆಕ್ಸ್‌ಗೆ ಕೀಲಿ ಕೊಡಬೇಕಾಗಿರಲಿಲ್ಲ. ಒಳಗೆ ತಿರುಗುವ ಭಾರದ ಬಿಲ್ಲೆಯೊಂದಿರುತ್ತದೆ. ತೊಟ್ಟವನ ಕೈ ಆಡಿದಂತೆ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಕೈ ನಿಂತರೆ, ಸ್ಪ್ರಿಂಗಿನಲ್ಲಿ ಉಳಿದ ಬಲದಿಂದ ಎರಡು ದಿನಗಳಷ್ಟು ನಡೆದು ಗಡಿಯಾರವೂ ನಿಲ್ಲುತ್ತದೆ. ನೀರು ಒಳಹೋಗದ ಕವಚವಾದುದರಿಂದ ಕಡಲು ಅದನ್ನು ಕೆಡಿಸಿರಲಿಲ್ಲ. ಮುಖದ ಕಿಂಡಿಯಲ್ಲಿ ನಿಂತಿದ್ದ ತಾರೀಖಿನಿಂದ ಹಿಂದಕ್ಕೆ ಎಣಿಸಿದಾಗ ಲೆಕ್ಕವು ಜುಲೈ 20ಕ್ಕೇ ಬಂದಿತು. ನೀರಿನ ಸೆಳೆತಕ್ಕೆ ಸತ್ತವನ ಕೈಯೂ ಅಲುಗಿರಲಾರದೇ ಎಂದು ಕೇಳುವ ವಾಚಕರು ಜಾಣರೇ. ಆದ್ದರಿಂದಲೇ ಗಡಿಯಾರವೊಂದನ್ನೇ ನಂಬದೆ, ದೋಣಿಯ ಯಂತ್ರ, ಕೂದಲು, ಬೆಲ್ಟು, ಲಂಗರು ಇವೆಲ್ಲವನ್ನೂ ಒಟ್ಟಿಗೆ ಇಟ್ಟು ತೂಗಿದರು. ಒಂದೊಂದೂ ಸಣ್ಣದು, ಒಂದೊಂದಕ್ಕೂ ವಕೀಲನೊಬ್ಬನು ಬೇರೆ ಅರ್ಥ ಹೇಳಬಹುದು. ಐದಾರು ಬೇರೆ ಬೇರೆ ದಾರಿಗಳು ಒಂದೇ ದೋಣಿಗೂ ಒಂದೇ ದಿನಕ್ಕೂ ಬಂದು ಮುಟ್ಟಿದಾಗ ಆ ಅರ್ಥಗಳಿಗೆ ಜಾಗ ಉಳಿಯಲಿಲ್ಲ.

ಇಂಥ ಕೆಲಸ ಪರದೇಶದಲ್ಲಿ ಮಾತ್ರ ನಡೆಯುವುದೆಂದು ಭಾವಿಸಬೇಕಾದುದಿಲ್ಲ. ಮುಂಬಯಿಯ ಸಾಂತಾಕ್ರೂಜ್ ಸಮೀಪ ಕಲೀನಾದಲ್ಲಿ ಮಹಾರಾಷ್ಟ್ರ ಸರಕಾರದ ನ್ಯಾಯವೈಜ್ಞಾನಿಕ ಪ್ರಯೋಗಾಲಯವಿದೆ. ಅದರ ಮುಂದಿನ ರಸ್ತೆಯಲ್ಲಿ ನಮ್ಮವರು ಹಲವರು ಕೆಲಸಕ್ಕೆ ಹೋಗಿಬರುತ್ತಾರೆ.

ವಾಕರನ ವಿಚಾರಣೆ 1998ರ ಬೇಸಗೆಯಲ್ಲಿ ಎಕ್ಸೆಟರ್ ನಗರದ ನ್ಯಾಯಾಲಯದಲ್ಲಿ ನಡೆಯಿತು. ಅವನ ಮಗಳೇ ಸರಕಾರದ ಪರವಾಗಿ ಸಾಕ್ಷಿ ನುಡಿದಳು. ಜೂರಿಯವರು ಅಪರಾಧಿಯೆಂದು ತೀರ್ಮಾನಿಸಿದರು. ಜುಲೈ ತಿಂಗಳಲ್ಲಿ ಜೀವಾವಧಿ ಸೆರೆವಾಸದ ಶಿಕ್ಷೆಯಾಯಿತು. ಏಳು ವರ್ಷ ಇಂಗ್ಲೆಂಡಿನಲ್ಲಿ ಶಿಕ್ಷೆ ಅನುಭವಿಸಿದ ಮೇಲೆ, 2005ರಲ್ಲಿ ಅವನನ್ನು ಕೆನಡಾದ ಸೆರೆಮನೆಗೆ ವರ್ಗಾಯಿಸಿದರು.