ಬಂಡಾಜೆ ಅರ್ಬಿ

ಬಂಡಾಜೆ ಅರ್ಬಿಯು ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿರುವ ಒಂದು ಜಲಪಾತ. ಪಶ್ಚಿಮ ಘಟ್ಟಗಳ ಚಾರ್ಮಾಡಿ ಭಾಗದಲ್ಲಿ, ಮೇಲಿನ ಹುಲ್ಲುಗಾವಲಿನಿಂದ ಹರಿದು ಬರುವ ತೊರೆಯೊಂದು ಸುಮಾರು 200 ಅಡಿ ಎತ್ತರದಿಂದ ಕೆಳಗಿನ ಕಣಿವೆಗೆ ಧುಮುಕುತ್ತದೆ. ಜಲಪಾತಕ್ಕೆ ವಾಹನ ಹೋಗುವ ದಾರಿಯಿಲ್ಲ. ಕಾಡು ಮತ್ತು ಹುಲ್ಲಿನ ಗುಡ್ಡಗಳನ್ನು ದಾಟಿ ನಡೆದೇ ತಲುಪಬೇಕು. ಜೋಗವನ್ನು ನೋಡುವವರು ಎದುರಿನ ದಂಡೆಯಲ್ಲಿ ನಿಂತು ನೋಡುತ್ತಾರೆ. ಬಂಡಾಜೆಯ ಚಾರಣದ ದಾರಿಯಾದರೋ ಜಲಪಾತದ ಎದುರಿಗಾಗಲಿ ತಳಕ್ಕಾಗಲಿ ಹೋಗದೆ ಅದರ ನೆತ್ತಿಗೆ ಹೋಗಿ ಮುಟ್ಟುತ್ತದೆ. ಈ ಸ್ಥಳದ ಸೊಗಸಿಗೂ ಅಪಾಯಕ್ಕೂ ಇದೇ ಕಾರಣ.

ಹೆಸರು

ತುಳು ಭಾಷೆಯಲ್ಲಿ 'ಅರ್ಬಿ' ಎಂದರೆ ಜಲಪಾತ. ಮಲೆನಾಡು, ಕೊಡಗುಗಳಲ್ಲಿ ಬಳಕೆಯಲ್ಲಿರುವ 'ಅಬ್ಬಿ' ಎಂಬ ಪದವೂ ಇದೇ ಅರ್ಥದ್ದು. ಆದ್ದರಿಂದ ಪ್ರವಾಸಿ ಫಲಕಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಕಾಣುವ 'ಬಂಡಾಜೆ ಅರ್ಬಿ ಜಲಪಾತ' ಎಂಬ ಹೆಸರಿನಲ್ಲಿ ಒಂದೇ ಮಾತು ಎರಡು ಬಾರಿ ಬಂದಂತಾಗುತ್ತದೆ. ಮಡಿಕೇರಿಯ ಸಮೀಪದ 'ಅಬ್ಬಿ ಜಲಪಾತ'ಕ್ಕೂ ಇದೇ ಗತಿಯಾಗಿದೆ. ಸ್ಥಳೀಯರಿಗೆ ಇದು ಬರಿಯ ಬಂಡಾಜೆ ಅರ್ಬಿ.

ಸ್ಥಳ ಮತ್ತು ನೀರಿನ ಮೂಲ

ಮಂಗಳೂರಿನಿಂದ ಬೆಳ್ತಂಗಡಿ, ಉಜಿರೆ, ಮುಂಡಾಜೆಗಳ ಮೂಲಕ ಚಾರ್ಮಾಡಿ ಘಾಟಿಯನ್ನೇರಿ ಕೊಟ್ಟಿಗೆಹಾರದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 73ರ ಉತ್ತರಕ್ಕೆ ಈ ಜಲಪಾತವಿದೆ. ಹೆದ್ದಾರಿಯ ಸೋಮಂತಡ್ಕದಲ್ಲಿ ಕವಲೊಡೆಯುವ ಊರ ರಸ್ತೆಯು ಅಡಿಕೆ ತೋಟಗಳ ನಡುವೆ ಕಡಿರುದ್ಯಾವರ ಗ್ರಾಮದ ಕಡೆಗೆ ಹೋಗುತ್ತದೆ. ಘಟ್ಟದ ಬುಡದಲ್ಲಿರುವ ವಳಂಬ್ರ ಚಾರಣದ ಆರಂಭಸ್ಥಳ.

ಇಲ್ಲಿಯ ಬೆಟ್ಟಸಾಲು ನಾಡಿನ ಎರಡು ಪ್ರಮುಖ ನದಿ ವ್ಯವಸ್ಥೆಗಳ ನಡುವಿನ ಗಡಿ. ಪಶ್ಚಿಮಕ್ಕೆ ಇಳಿದ ನೀರು ನೇತ್ರಾವತಿಯನ್ನು ಸೇರಿ ಮಂಗಳೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಸಲ್ಲುತ್ತದೆ. ಅರ್ಬಿಯ ತೊರೆ ಈ ಬಗೆಯದು. ಇದೇ ಸಾಲಿನ ಬಲ್ಲಾಳರಾಯನ ದುರ್ಗದ ಸಮೀಪ, ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯು ಪೂರ್ವಕ್ಕೆ ಹರಿದು, ಕಾವೇರಿಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೆರೆಹೊರೆಯ ಗುಡ್ಡಗಳ ಮೇಲೆ ಬಿದ್ದ ಮಳೆಯು ಹೀಗೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ.

ಜಲಪಾತದ ಮೇಲ್ಭಾಗದಲ್ಲಿ ದೊಡ್ಡ ಕೆರೆಯಾಗಲಿ ಹೊಳೆಯಾಗಲಿ ಇಲ್ಲ. ಹುಲ್ಲಿನ ಗುಡ್ಡಗಳೂ ಅವುಗಳ ಮಡಿಲುಗಳಲ್ಲಿ ಅಡಗಿರುವ ಶೋಲಾ ಕಾಡುಗಳೂ ಇದರ ಜಲನಿಧಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರು ಮಳೆಯ ಒಂದು ಪಾಲನ್ನು ಹುಲ್ಲಿನ ಬೇರುಗಳು ಹೆಣೆದ ಮಣ್ಣೂ ಶೋಲಾದ ತರಗೆಲೆಯ ಹಾಸೂ ಹೀರಿಕೊಂಡು, ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಒಸರಿನ ರೂಪದಲ್ಲಿ ಹೊರಬಿಡುತ್ತವೆ. ಬರಿಯ ಕಲ್ಲುಗುಡ್ಡವಾಗಿದ್ದರೆ ಅಕ್ಟೋಬರ್ ಕಳೆಯುವಷ್ಟರಲ್ಲಿ ಅರ್ಬಿಯೂ ಬತ್ತುತ್ತಿತ್ತು. ಬೇಸಗೆಯಲ್ಲಿ ನೀರು ಸಣ್ಣ ಎಳೆಯಷ್ಟಾಗುತ್ತದೆ. ಒಣಗಿದ ಹುಲ್ಲಿಗೆ ಬೆಂಕಿ ಬೀಳುವ ಕಾಲವೂ ಅದೇ. ಒಂದು ಬೀಡಿಯ ಕಿಡಿ ಸಾಕು. ಬೆಂಕಿ ಗುಡ್ಡದಿಂದ ಗುಡ್ಡಕ್ಕೆ ಹಬ್ಬಿ ಶೋಲಾದ ಅಂಚನ್ನು ಸುಡುತ್ತದೆ. ಒಮ್ಮೆ ಸುಟ್ಟ ಹುಲ್ಲು ಮರುವರ್ಷವೇ ಚಿಗುರೀತು, ಶೋಲಾದ ಮರಗಳು ಹಾಗೆ ಮರಳುವುದಿಲ್ಲ. ಕೆಳಗಿನ ತೋಟಗಳಿಗೆ ಬೇಸಗೆಯಲ್ಲಿ ಬರುವ ನೀರಿನ ಹಣೆಬರಹವೂ ಈ ಅಂಚಿನೊಡನೆ ಬೆಸೆದುಕೊಂಡಿದೆ.

ಚಾರಣದ ದಾರಿ

ವಳಂಬ್ರದಿಂದ ಜಲಪಾತದ ನೆತ್ತಿಗೆ ಏಳೆಂಟು ಕಿಲೋಮೀಟರುಗಳ ಏರು ದಾರಿಯಿದೆ. ನಡಿಗೆಯ ಅಭ್ಯಾಸವುಳ್ಳವರಿಗೆ ನಾಲ್ಕು ಗಂಟೆ, ಇಲ್ಲದವರಿಗೆ ಆರು ಗಂಟೆಯವರೆಗೆ ಬೇಕಾಗುತ್ತದೆ. ದಾರಿಯಲ್ಲಿ ಒಂದಕ್ಕೊಂದು ಹೋಲಿಕೆಯಿಲ್ಲದ ಎರಡು ಭಾಗಗಳಿವೆ.

ಮೊದಲನೆಯದು ಕಾಡು. ತೋಟಗಳು ಮುಗಿದೊಡನೆ ಬೆತ್ತ, ಬೈನೆ ಹಾಗೂ ಎತ್ತರದ ನಿತ್ಯಹರಿದ್ವರ್ಣ ಮರಗಳ ನಡುವೆ ದಾರಿ ಸಾಗುತ್ತದೆ. ಬಿಸಿಲು ನೆಲಕ್ಕೆ ಇಳಿಯುವುದು ಅಪೂರ್ವ. ಮಳೆಗಾಲದಲ್ಲಿಯೂ ಅದರ ಬೆನ್ನ ಹಿಂದಿನ ವಾರಗಳಲ್ಲಿಯೂ ಉಂಬಳಗಳ ಕಾಟ ವಿಪರೀತ. ಉಪ್ಪು ಅಥವಾ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿಯನ್ನು ಕಾಲಿಗೆ ಸವರಿಕೊಳ್ಳುವುದು ಮಲೆನಾಡಿನ ಹಳೆಯ ಉಪಾಯ. ಕಾಟಿ, ಕಡವೆ, ಕೆಂದಳಿಲುಗಳು ಇಲ್ಲಿಯ ಕಾಡಿನ ವಾಸಿಗಳು. ಆನೆಗಳ ಸಂಚಾರವೂ ಇದ್ದು, ಅವು ಬುಡದ ಹಳ್ಳಿಗಳ ಬಾಳೆ, ಅಡಿಕೆ ತೋಟಗಳಿಗೆ ನುಗ್ಗುವುದುಂಟು. ಕಾಡಿನೊಳಗೆ ದನಗಾಹಿಗಳೂ ಕಾಡುತ್ಪತ್ತಿ ಸಂಗ್ರಹಿಸುವವರೂ ಸವೆಸಿದ ಕಾಲುದಾರಿಗಳು ಹಲವು ಕಡೆ ಕವಲೊಡೆಯುತ್ತವೆ. ಯಾವ ಕವಲು ಅರ್ಬಿಗೆ, ಯಾವುದು ಬೇರೆಡೆಗೆ ಎಂಬುದು ಊರಿನವರಿಗಷ್ಟೇ ತಿಳಿದ ಸಂಗತಿ.

ಎರಡನೆಯದು ಹುಲ್ಲುಗಾವಲು. ಕಾಡು ಹಠಾತ್ತನೆ ಮುಗಿದು ಎದೆಯೆತ್ತರದ ಹುಲ್ಲು, ಕಡಿದಾದ ಏರು, ತೆರೆದ ಆಕಾಶ ಎದುರಾಗುತ್ತವೆ. ಇಲ್ಲಿ ನೆರಳೂ ಇಲ್ಲ, ಕುಡಿಯುವ ನೀರೂ ಇಲ್ಲ; ಕಾಡಿನ ತೊರೆಯಲ್ಲಿಯೇ ಬಾಟಲಿಗಳನ್ನು ತುಂಬಿಕೊಳ್ಳಬೇಕು. ಜಲಪಾತವನ್ನು ಅದರ ಪೂರ್ಣ ಎತ್ತರದಲ್ಲಿ ಕಾಣಲು ಸಾಧ್ಯವಾಗುವುದು ಇದೇ ಏರಿನಲ್ಲಿ, ಸಾಕಷ್ಟು ದೂರದಿಂದ, ಬೆಟ್ಟದ ಎದೆಯ ಮೇಲೆ ಎಳೆದ ಒಂದು ಬಿಳಿಯ ಗೆರೆಯಾಗಿ. ನೆತ್ತಿಯನ್ನು ತಲುಪಿದವರಿಗೆ ಕಾಣುವುದು ಬಂಡೆಗಳ ನಡುವೆ ಹರಿದು ಬಂದು ಥಟ್ಟನೆ ಕಣ್ಮರೆಯಾಗುವ ನೀರು, ಅದರಾಚೆಗೆ ಬೆಳ್ತಂಗಡಿಯ ಬಯಲು ಮಾತ್ರ. ಎದುರಿನ ನೋಟವನ್ನು ಬಯಸುವವರು ಹುಲ್ಲಿನ ಏರಿನಲ್ಲಿಯೇ ಒಂದು ಗಳಿಗೆ ನಿಲ್ಲುವುದು ಲೇಸು. ಅದನ್ನು ನೆತ್ತಿಯ ಅಂಚಿನಲ್ಲಿ ಬಾಗಿ ಹುಡುಕಬಾರದು.

ಅಪಾಯಗಳು

ನೆತ್ತಿಯ ಬಂಡೆಗಳು ಒಣಗಿದಂತೆ ಕಂಡಾಗಲೂ ಪಾಚಿಯಿಂದ ಜಾರುತ್ತವೆ. ಅಂಚಿಗೆ ಬೇಲಿಯಿಲ್ಲ. ನೀರು ಕಡಿಮೆಯಿರುವ ಜನವರಿಯಲ್ಲಿ ಅಂಚಿನ ಸಮೀಪಕ್ಕೆ ಹೋಗುವ ಧೈರ್ಯ ಹೆಚ್ಚುತ್ತದೆ, ಅಪಾಯ ಮಾತ್ರ ಕಡಿಮೆಯಾಗಿರುವುದಿಲ್ಲ. ತುಂಬು ಮಳೆಗಾಲದಲ್ಲಿ ತೊಂದರೆ ಬೇರೆ ಬಗೆಯದು. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಕಾಡಿನ ತೊರೆಯು, ಮೇಲಿನ ಗುಡ್ಡದಲ್ಲಿ ಸುರಿದ ಮಳೆಯಿಂದ ಸಂಜೆಗೆ ದಾಟಲಾಗದಷ್ಟು ಏರಬಹುದು. ತೊರೆಯಿರುವಲ್ಲಿ ಆಗ ಹನಿ ಮಳೆಯೂ ಬಿದ್ದಿರಬೇಕೆಂದಿಲ್ಲ.

2019ರ ಆಗಸ್ಟ್ ತಿಂಗಳ ಅತಿವೃಷ್ಟಿಯಲ್ಲಿ ಚಾರ್ಮಾಡಿ ಘಾಟಿಯ ಹಲವೆಡೆ ಗುಡ್ಡ ಕುಸಿದು ಸಂಚಾರ ಸ್ಥಗಿತಗೊಂಡಿತು. ಬುಡದ ಹಳ್ಳಿಗಳ ತೋಟಗಳ ಮೇಲೆ ಹೊಳೆಗಳು ಮರಳನ್ನೂ ಮರದ ದಿಮ್ಮಿಗಳನ್ನೂ ತಂದು ರಾಶಿ ಹಾಕಿದವು. ಈ ಬೆಟ್ಟಸಾಲಿನ ನೀರು ಎಷ್ಟು ಬೇಗ ತನ್ನ ಸ್ವರೂಪವನ್ನು ಬದಲಿಸಬಲ್ಲದು ಎಂಬುದನ್ನು ಅಂದು ಕೆಳಗಿನವರೆಲ್ಲ ಕಂಡರು.

ಮಂಜು ಇನ್ನೊಂದು ಕಂಟಕ. ಹುಲ್ಲಿನ ಗುಡ್ಡಗಳು ಒಂದರಂತೆ ಇನ್ನೊಂದಿದ್ದು, ಮಂಜು ಕವಿದರೆ ಹತ್ತು ಮಾರು ದೂರದ ದಾರಿಯೂ ಕಾಣದು. ಮೊಬೈಲ್ ಸಂಕೇತ ಅಲ್ಲಲ್ಲಿ ಮಾತ್ರ ದೊರೆಯುತ್ತದೆ. ದಾರಿ ತಪ್ಪಿದ ಚಾರಣಿಗರನ್ನು ಪೊಲೀಸರು, ಅರಣ್ಯ ಸಿಬ್ಬಂದಿ ಮತ್ತು ಊರಿನ ಯುವಕರು ರಾತ್ರಿಯೆಲ್ಲ ಹುಡುಕಿ ಕರೆತಂದ ಪ್ರಸಂಗಗಳು ಈ ಗುಡ್ಡಗಳಲ್ಲಿ ನಡೆದಿವೆ. ಹುಡುಕಲು ಹೋಗುವವರೂ ಅದೇ ಕತ್ತಲೆಯಲ್ಲಿ, ಅದೇ ಆನೆಯ ದಾರಿಯಲ್ಲಿ ನಡೆಯಬೇಕಾಗುತ್ತದೆಂಬುದನ್ನು ಚಾರಣದ ವರ್ಣನೆಗಳು ಸಾಮಾನ್ಯವಾಗಿ ಮರೆಯುತ್ತವೆ.

ಅನುಮತಿ ಮತ್ತು ಕಾಲ

ಜಲಪಾತವು ಅರಣ್ಯ ಪ್ರದೇಶದಲ್ಲಿರುವುದರಿಂದ ಅರಣ್ಯ ಇಲಾಖೆಯ ಪೂರ್ವಾನುಮತಿ ಕಡ್ಡಾಯ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತಕ್ಕೆ ಸಾವಿರಾರು ಚಾರಣಿಗರು ಒಮ್ಮೆಲೇ ಬಂದು ನೆರೆದ ಬಳಿಕ, ರಾಜ್ಯದ ಚಾರಣ ಪಥಗಳಿಗೆ ಆನ್‌ಲೈನ್ ಮುಂಗಡ ನೋಂದಣಿ ಮತ್ತು ಜನಸಂಖ್ಯೆಯ ಮಿತಿಯನ್ನು ಬಿಗಿಗೊಳಿಸಲಾಯಿತು. ಮಳೆಯ ತೀವ್ರತೆ ಹಾಗೂ ಕಾಳ್ಗಿಚ್ಚಿನ ಭೀತಿಯನ್ನು ಅನುಸರಿಸಿ ದಾರಿಯನ್ನು ಮುಚ್ಚುವುದೂ ಉಂಟು. ಹಿಂದೆ ಚಾರಣಿಗರು ನೆತ್ತಿಯ ಬಳಿ ಡೇರೆ ಹಾಕಿ ರಾತ್ರಿ ಕಳೆಯುತ್ತಿದ್ದರು. ಅವರು ಬಿಟ್ಟುಹೋದ ಪ್ಲಾಸ್ಟಿಕ್ಕು ನೇರವಾಗಿ ತೊರೆಯ ಪಾಲಾಗುತ್ತಿತ್ತು. ಊರಿನ ಮಾರ್ಗದರ್ಶಕರೊಡನೆ ಮುಂಜಾನೆಯೇ ಹೊರಟು, ಮಧ್ಯಾಹ್ನದ ಹೊತ್ತಿಗೆ ನೆತ್ತಿಯನ್ನು ಬಿಟ್ಟು, ಬೆಳಕಿರುವಾಗಲೇ ಕಾಡನ್ನು ದಾಟುವುದು ಕ್ರಮ. ನೀರೂ ಇದ್ದು ದಾರಿಯೂ ತಕ್ಕಮಟ್ಟಿಗೆ ಒಣಗಿರುವ ಅವಧಿ ಅಕ್ಟೋಬರ್ ಮಧ್ಯದಿಂದ ಜನವರಿಯವರೆಗೆ.

ಘಟ್ಟದ ಮೇಲಿನ ದಾರಿ

ಚಿಕ್ಕಮಗಳೂರು ಜಿಲ್ಲೆಯ ಸುಂಕಸಾಲೆಯ ಕಡೆಯಿಂದ ಬಲ್ಲಾಳರಾಯನ ದುರ್ಗವನ್ನು ದಾಟಿ ಅರ್ಬಿಗೆ ಇಳಿಯುವ ಇನ್ನೊಂದು ದಾರಿಯೂ ಇದೆ. ದುರ್ಗದ ಕೋಟೆಯ ಶಿಥಿಲ ಗೋಡೆಗಳು ಸುಮಾರು 1,500 ಮೀಟರ್ ಎತ್ತರದ ಗುಡ್ಡದ ಮೇಲಿವೆ. ಜನರು ಇದನ್ನು ಹೊಯ್ಸಳರ ಕಾಲದ್ದೆನ್ನುತ್ತಾರೆ. ಆ ಅರಸರ ಮೂಲಸ್ಥಾನವಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ಇರುವುದೂ ಮೂಡಿಗೆರೆ ತಾಲ್ಲೂಕಿನಲ್ಲಿಯೇ. ಸಮೀಪದ ರಾಣಿಝರಿ ಎಂಬ ಪ್ರಪಾತದಿಂದ ರಾಣಿಯೊಬ್ಬಳು ಹಾರಿ ಪ್ರಾಣ ಬಿಟ್ಟಳೆಂಬ ಐತಿಹ್ಯವಿದೆ. ಮೇಲಿನಿಂದ ಬರುವವರಿಗೆ ಏರು ಮೊದಲೇ ಮುಗಿದು, ಅರ್ಬಿಯವರೆಗೆ ಬಹುಪಾಲು ಇಳಿಜಾರೇ ಸಿಗುತ್ತದೆ. ಆದರೆ ಬಂದ ದಾರಿಯಲ್ಲಿಯೇ ಹಿಂದಿರುಗುವುದಾದರೆ ಆ ಇಳಿಜಾರಷ್ಟನ್ನೂ ದಣಿದ ಕಾಲುಗಳಿಂದ, ನೆರಳಿಲ್ಲದ ಹುಲ್ಲಿನ ನಡುವೆ, ಮಧ್ಯಾಹ್ನದ ಬಿಸಿಲಿನಲ್ಲಿ ಏರಬೇಕಾಗುತ್ತದೆ.