ಮೊದಲು ಬ್ರೇಕ್, ಆಮೇಲೆ ಬೆಟ್ಟ

ಪುಣೆಯಲ್ಲಿರುವ ಕನ್ನಡಿಗರು ಊರಿನಿಂದ ನೆಂಟರು ಬಂದಾಗ ತಪ್ಪದೆ ಕರೆದುಕೊಂಡು ಹೋಗುವ ಜಾಗಗಳಲ್ಲಿ ಸಿಂಹಗಡವೂ ಒಂದು. ಕಾರಿನಲ್ಲಿ ಹತ್ತುತ್ತೇವೆ, ಪಿಠಲ-ಭಾಕರಿ, ಬಿಸಿ ಕಾಂದಾ ಭಜಿ ತಿನ್ನುತ್ತೇವೆ, ಮಡಕೆಯ ಮೊಸರು ಸವಿಯುತ್ತೇವೆ, ತಾನಾಜಿ ಮಾಲುಸರೆಯ ಸಮಾಧಿಗೆ ಕೈಮುಗಿದು ಇಳಿಯುತ್ತೇವೆ. ನಾನೂ ಹಾಗೆ ಏಳೆಂಟು ಸಲ ಹೋಗಿದ್ದೆ. ಕಾರಿನಲ್ಲಿ ಕುಳಿತವನಿಗೆ ಆ ಘಾಟಿ ಎಷ್ಟು ಕಡಿದು ಎಂಬುದು ಗೊತ್ತಾಗುವುದಿಲ್ಲ. ಕಳೆದ ವರ್ಷ ಸೈಕಲ್ ಮೇಲೆ ಹತ್ತಿದಾಗ ಪ್ರತಿ ಮೀಟರೂ ಗೊತ್ತಾಯಿತು.

ಸೈಕಲ್ ಹಿಡಿದದ್ದು ಶೋಕಿಗಲ್ಲ. ಆಫೀಸಿನ ವಾರ್ಷಿಕ ತಪಾಸಣೆಯಲ್ಲಿ ಸಕ್ಕರೆ ಅಂಚಿಗೆ ಬಂದು ನಿಂತಿತ್ತು. ಅಪ್ಪನಿಗೂ ಸಕ್ಕರೆ ಕಾಯಿಲೆ ಇದೆ. ದಿನಕ್ಕೆ ಹತ್ತು ತಾಸು ಲ್ಯಾಪ್‌ಟಾಪ್ ಮುಂದೆ ಕೂರುವ ಮಗನಿಗೆ ಅದು ಬಾರದಿದ್ದರೆ ಆಶ್ಚರ್ಯ. ಡಾಕ್ಟರು ಇಸಿಜಿ ಮಾಡಿಸಿ, ‘ದಿನಾ ಬೆವರು ಬರುವ ಹಾಗೆ ಏನಾದರೂ ಮಾಡಿ’ ಎಂದರು. ಸಹೋದ್ಯೋಗಿಗಳ ಸೈಕಲ್ ಗುಂಪು ಸೇರಿದೆ. ಖಡಕ್‌ವಾಸ್ಲಾ ಅಣೆಕಟ್ಟಿನವರೆಗೆ ಹೋಗಿ ಚಹಾ ಕುಡಿದು ಬರುವುದರಲ್ಲಿ ಒಂದು ವರ್ಷ ಕಳೆಯಿತು. ಡಿಸೆಂಬರಿನಲ್ಲಿ ಸಿಂಹಗಡಕ್ಕೆ ಟೈಮ್ ಟ್ರಯಲ್ ಇದೆ ಎಂಬ ಸುದ್ದಿ ಆಮೇಲೆ ಬಂತು.

ಟೈಮ್ ಟ್ರಯಲ್ ಎಂದರೆ ಎಲ್ಲರೂ ಒಟ್ಟಿಗೆ ಹೊರಡುವ ರೇಸ್ ಅಲ್ಲ. ಒಬ್ಬೊಬ್ಬರನ್ನೇ ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ. ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ನೀವು, ನಿಮ್ಮ ಸೈಕಲ್, ಗಡಿಯಾರ, ಅಷ್ಟೇ. ಸೈಕಲ್ ಲೋಕದಲ್ಲಿ ಇದನ್ನು ‘ಸತ್ಯದ ಓಟ’ ಎನ್ನುವುದುಂಟು. ಸೋತರೆ ಬೇರೆಯವರ ಮೇಲೆ ಹೇಳಲು ನೆಪವಿರುವುದಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಒಂದು ಭಾನುವಾರ ಪರೀಕ್ಷೆಗೆಂದು ಹತ್ತಿದೆ. ಬುಡದಿಂದ ತುದಿಗೆ ಸುಮಾರು 9 ಕಿ.ಮೀ., ಏರುವ ಎತ್ತರ ಸುಮಾರು 600 ಮೀಟರ್. ಮೊದಲ ಎರಡು ಕಿಲೋಮೀಟರ್ ಹೀರೋ ಥರ ಹೋದೆ. ಐದನೆಯದರಲ್ಲಿ ತೊಡೆ ಕಲ್ಲಾಯಿತು. ಏಳನೆಯದರಲ್ಲಿ ಬೆಳ್ಳಿಗೂದಲಿನ ಹಿರಿಯರೊಬ್ಬರು ‘ಜೈ ಮಹಾರಾಷ್ಟ್ರ’ ಎನ್ನುತ್ತ ನಗುತ್ತಲೇ ನನ್ನನ್ನು ದಾಟಿ ಹೋದರು. ತುದಿ ಮುಟ್ಟಿದಾಗ 58 ನಿಮಿಷ. ಡಿಸೆಂಬರಿಗೆ 50ರೊಳಗೆ ಬರಬೇಕು ಎಂದು ಅಲ್ಲೇ ನಿರ್ಧರಿಸಿದೆ.

ಎಂಟೆಕ್ ಓದಿದವನ ಕಾಯಿಲೆ ಎಂದರೆ ಎಲ್ಲದಕ್ಕೂ ಎಕ್ಸೆಲ್ ಶೀಟ್ ತೆರೆಯುವುದು. ನನ್ನ ತೂಕ 74 ಕೆ.ಜಿ. ಸೈಕಲ್, ಹೆಲ್ಮೆಟ್, ಶೂ, ನೀರಿನ ಬಾಟಲಿ ಎಲ್ಲ ಸೇರಿ 85. ಇಷ್ಟನ್ನು 600 ಮೀಟರ್ ಮೇಲೆತ್ತಲು ಸುಮಾರು 500 ಕಿಲೋಜೂಲ್ ಶಕ್ತಿ ಬೇಕು. ಟೈರಿನ ಘರ್ಷಣೆ, ಗಾಳಿ ಸೇರಿಸಿದರೆ 58 ನಿಮಿಷಕ್ಕೆ ಸರಾಸರಿ 160 ವ್ಯಾಟ್ ಸಾಕು. 50 ನಿಮಿಷಕ್ಕೆ 185 ವ್ಯಾಟ್ ಬೇಕು. ಇದು ಕಾಲು ದುಡಿದು ಕೊಡಬೇಕಾದ ಲೆಕ್ಕ. ಆದರೆ ದುಡಿಮೆಗಿಂತ ಖರೀದಿ ಸುಲಭ ಅಲ್ಲವೇ? ಅಂತರ್ಜಾಲದಲ್ಲಿ ಕಾರ್ಬನ್ ಚಕ್ರಗಳನ್ನು ನೋಡತೊಡಗಿದೆ. ನನ್ನ ಚಕ್ರಗಳಿಗಿಂತ 400 ಗ್ರಾಂ ಹಗುರ. ಅದನ್ನೂ ಶೀಟಿಗೆ ಹಾಕಿದೆ. ಉಳಿಯುವ ಸಮಯ ಸುಮಾರು 14 ಸೆಕೆಂಡ್. ಬೆಲೆ ನೋಡಿದರೆ ಸೆಕೆಂಡಿಗೆ ಸಾವಿರಾರು ರೂಪಾಯಿ!

ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಹೆಂಡತಿ ಕೇಳಿದಳು: ‘ಹತ್ತೋದಕ್ಕೆ ಇಷ್ಟೆಲ್ಲ ಲೆಕ್ಕ ಹಾಕ್ತೀರಲ್ಲ, ಇಳಿಯೋದಕ್ಕೆ ಏನು ಲೆಕ್ಕ?’

ಇಳಿಯೋದಕ್ಕೆ ಲೆಕ್ಕ ಯಾಕೆ, ಸೈಕಲ್ ತಾನೇ ಇಳಿಯುತ್ತೆ ಎಂದು ನಕ್ಕೆ.

ಮುಂದಿನ ಭಾನುವಾರ ಇಳಿಯುವಾಗ ಒಂದು ಎಡ ತಿರುವಿನಲ್ಲಿ ವೇಗ ಸ್ವಲ್ಪ ಹೆಚ್ಚಾಯಿತು. ಎದುರಿಗೆ ಜನರನ್ನು ತುಂಬಿಕೊಂಡ ಜೀಪು ಬಂತು. ಎರಡೂ ಬ್ರೇಕ್ ಹಿಡಿದೆ. ಹಿಂದಿನ ಲಿವರ್ ಹ್ಯಾಂಡಲಿಗೇ ತಾಗಿತು. ಮುಂದಿನದು ‘ಕರ್ರ್’ ಎಂದು ಕಿರುಚಿತೇ ಹೊರತು ಹಿಡಿಯಲಿಲ್ಲ. ಸೈಕಲ್ ರಸ್ತೆಯ ಬಲಕ್ಕೆ ಜಾರಿತು. ನಾನು ನಿಲ್ಲುವುದಕ್ಕೆ ಮೊದಲು ಜೀಪು ನಿಂತಿತು, ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ. ಅದರ ಬಾನೆಟ್ಟಿಗೂ ನನಗೂ ಒಂದು ಮಾರು ಅಂತರವಿತ್ತು. ಚಾಲಕ ಬೈಯಲಿಲ್ಲ. ‘ಹಳೂ, ದಾದಾ, ಹಳೂ’ ಎಂದ. ನಿಧಾನ ಅಣ್ಣಾ, ನಿಧಾನ. ಉಳಿದ ಇಳಿಜಾರನ್ನು ಸೈಕಲ್ ತಳ್ಳಿಕೊಂಡೇ ಇಳಿದೆ. ಮನೆಯಲ್ಲಿ ಹೇಳಲಿಲ್ಲ. ನಾಲ್ಕು ವರ್ಷದ ಮಗಳು ಸೈಕಲ್ಲಿನ ಗಂಟೆ ಬಾರಿಸುತ್ತ ಆಡುತ್ತಿದ್ದಳು. ನಾನು ಸುಮ್ಮನೆ ಕುಳಿತು ನೋಡಿದೆ.

ಮರುದಿನ ನಮ್ಮ ಬಡಾವಣೆಯ ಹಳೆಯ ಸೈಕಲ್ ಅಂಗಡಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಅರವತ್ತು ದಾಟಿದವರು. ಎಲ್ಲರಿಗೂ ‘ಕಾಕಾ’. ರೇಸಿಗೆ ಗೇರ್ ಬದಲಿಸಬೇಕು ಎಂದೆ. ಅವರು ಸೈಕಲ್ಲನ್ನು ಎತ್ತಿ, ಚಕ್ರ ತಿರುಗಿಸಿ, ಬ್ರೇಕ್ ಹಿಡಿದು, ನನ್ನ ಮುಖ ನೋಡಿ, ‘ಆಧೀ ಬ್ರೇಕ್, ಮಗ ಗೇರ್’ ಎಂದರು. ಮರಾಠಿಯ ‘ಮಗ’ ಎಂದರೆ ‘ಆಮೇಲೆ’. ನಾನು ವಿಜಯಪುರದ ಕಡೆಯವನು, ಮರಾಠಿ ಬರುತ್ತದೆ. ಆದರೂ ಆ ಕ್ಷಣ ಕಿವಿಗೆ ಕನ್ನಡವೇ ಕೇಳಿಸಿತು. ಮೊದಲು ಬ್ರೇಕ್, ಮಗಾ!

ಬ್ರೇಕಿನ ರಬ್ಬರ್ ಬಿಚ್ಚಿ ತೋರಿಸಿದರು. ಮಳೆಗಾಲದ ಕೆಸರಿನ ಮರಳು, ರಿಮ್ಮಿನಿಂದ ಕಿತ್ತ ಅಲ್ಯೂಮಿನಿಯಂ ಚೂರು ಅದರಲ್ಲಿ ಹೂತುಕೊಂಡಿದ್ದವು. ಹಿಂದಿನ ಕೇಬಲ್ಲಿನ ಎಳೆಗಳು ಲಿವರಿನೊಳಗೆ ಒಂದೊಂದಾಗಿ ಕಡಿದು, ಉಳಿದವು ನಾಲ್ಕೋ ಐದೋ. ಸವೆದ ರಬ್ಬರ್ ತುಂಡನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಬೈಯಲಿಲ್ಲ. ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಈಗ ಇಳಿಯೋ ಲೆಕ್ಕ ಹಾಕಿ’ ಎಂದಳು.

ಹಾಕಿದೆ. ಹತ್ತುವಾಗ ಬೆವರು ಸುರಿಸಿ ಗಳಿಸಿದ 500 ಕಿಲೋಜೂಲ್ ಇಳಿಯುವಾಗ ಎಲ್ಲೂ ಮಾಯವಾಗುವುದಿಲ್ಲ. ಒಂದಿಷ್ಟು ಗಾಳಿಯ ಪಾಲು. ತಿರುವುಗಳಲ್ಲಿ ನಿಧಾನವಾಗಿ ಇಳಿದಷ್ಟೂ ಉಳಿದದ್ದು ಬ್ರೇಕು, ರಿಮ್ಮುಗಳಲ್ಲಿ ಬಿಸಿಯಾಗಿ ಹೊರಬರಬೇಕು. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ ಅದು. ಅದಕ್ಕೇ ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದಿರಬಾರದು. ರಿಮ್ ಕಾದು ಟ್ಯೂಬ್ ಒಡೆಯಬಹುದು. ತಿರುವಿಗೆ ಮುಂಚೆಯೇ ಗಟ್ಟಿಯಾಗಿ ಹಿಡಿದು ವೇಗ ಇಳಿಸಬೇಕು, ಬಿಡಬೇಕು, ತಣ್ಣಗಾಗಲು ಸಮಯ ಕೊಡಬೇಕು. ತಿರುವಿನ ನಡುವೆ ಬ್ರೇಕ್ ಹುಡುಕುವುದು ಪರೀಕ್ಷೆಯ ಹಾಲಿನಲ್ಲಿ ಪುಸ್ತಕ ಹುಡುಕಿದ ಹಾಗೆ.

ಬ್ರೇಕ್ ಆದ ಮೇಲೆ ಗೇರ್. ನನ್ನ ಸೈಕಲ್ಲಿನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೆ 28. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ಕಡೆ ಗಂಟೆಗೆ 8 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ 52 ಸುತ್ತು ಮಾತ್ರ. ಪ್ರತಿ ಸುತ್ತೂ ಮೂಟೆ ಎತ್ತಿದ ಹಾಗೆ. ಹಿಂದೆ 34 ಹಲ್ಲಿನ ಕ್ಯಾಸೆಟ್ ಹಾಕಿಸಿದರೆ ಅದೇ ವೇಗಕ್ಕೆ 63 ಸುತ್ತು. ಕೆಲಸ ಅಷ್ಟೇ, ಹಂಚಿಕೆ ಸಣ್ಣ ಸಣ್ಣದು, ಮಂಡಿಗೆ ನೆಮ್ಮದಿ. ಅಷ್ಟು ದೊಡ್ಡ ಹಲ್ಲುಚಕ್ರಕ್ಕೆ ಹಳೆಯ ಡಿರೇಲರ್ ಹೊಂದುವುದಿಲ್ಲ. ಉದ್ದ ತೋಳಿನದು ಬೇಕು, ಚೈನೂ ಉದ್ದದ್ದು ಬೇಕು. ಬ್ರೇಕು, ಕೇಬಲ್ಲು ಎಲ್ಲ ಸೇರಿ ಸುಮಾರು ಒಂಬತ್ತು ಸಾವಿರ ಆಯಿತು. ಕಾರ್ಬನ್ ಚಕ್ರದ ಪುಟ ಮುಚ್ಚಿದೆ.

ಇನ್ನು ಉಳಿದದ್ದು ಕಾಲು. ಹನ್ನೆರಡು ವಾರ ಸಮಯವಿತ್ತು. ಮಂಗಳವಾರ ಬೆಳಿಗ್ಗೆ ಐದೂವರೆಗೆ ಬಾಲ್ಕನಿಯಲ್ಲಿ ಟ್ರೇನರ್ ಮೇಲೆ ಸೈಕಲ್ ಸಿಕ್ಕಿಸಿ ಎಂಟು ನಿಮಿಷ ಜೋರು, ನಾಲ್ಕು ನಿಮಿಷ ಹಗುರ. ಹೀಗೆ ನಾಲ್ಕು ಸಲ. ಗುರುವಾರ ಬೋಪದೇವ ಘಾಟಿ ಎರಡು ಸಲ, ಮಾತಾಡಲು ಆಗದಷ್ಟಲ್ಲ, ಹಾಡಲು ಆಗದಷ್ಟು ಜೋರು. ಭಾನುವಾರ ಉದ್ದ ಸವಾರಿ, ಎರಡು ವಾರಕ್ಕೊಮ್ಮೆ ಸಿಂಹಗಡ. ಉಳಿದ ದಿನ ವಿಶ್ರಾಂತಿ ಇಲ್ಲವೇ ಸುಮ್ಮನೆ ತಿರುಗಾಟ. ಮೂರು ವಾರ ಏರಿಸುತ್ತ ಹೋಗಿ ನಾಲ್ಕನೆಯ ವಾರ ಇಳಿಸಬೇಕು. ದೇಹ ಬಲಿಯುವುದು ದುಡಿಯುವಾಗ ಅಲ್ಲ, ಮಲಗಿದಾಗ. ರಿಲೀಸ್ ಇದ್ದ ವಾರ ರಾತ್ರಿ ಒಂದಕ್ಕೆ ಮಲಗಿ ಐದಕ್ಕೆ ಎದ್ದು ತುಳಿದೆ. ಮರುದಿನ ಜ್ವರ ಬಂತು. ಆಮೇಲೆ ನಿದ್ದೆ ಕೆಟ್ಟ ದಿನ ಸೈಕಲ್ ಮುಟ್ಟಲಿಲ್ಲ.

ಇಪ್ಪತ್ತು ನಿಮಿಷ ಪೂರ್ತಿ ಜೋರಾಗಿ ತುಳಿದು, ಬಂದ ಸರಾಸರಿಯ 95 ಶೇಕಡಾ ತೆಗೆದರೆ ಒಂದು ಗಂಟೆ ತಾಳಿಕೊಳ್ಳಬಲ್ಲ ಶಕ್ತಿಯ ಅಂದಾಜು ಸಿಗುತ್ತದೆ. ಶುರುವಿನಲ್ಲಿ ನನಗೆ 175 ವ್ಯಾಟ್ ಇತ್ತು. ಹನ್ನೊಂದನೆಯ ವಾರಕ್ಕೆ 190. ತೂಕ ಎರಡೂವರೆ ಕೆ.ಜಿ. ಇಳಿದಿತ್ತು. ಅದಕ್ಕೆ ಕಾರಣ ಡಯಟ್ ಅಲ್ಲ. ಮಧ್ಯಾಹ್ನದ ಸಮೋಸಾ ಬಿಟ್ಟು, ಊರಿನಿಂದ ಅವ್ವ ಕಳಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಿಡಿದದ್ದು.

ಹೊಸ ಲೆಕ್ಕದ ಪ್ರಕಾರ 50 ನಿಮಿಷಕ್ಕೆ 180 ವ್ಯಾಟ್ ಸಾಕು. ಕಾಗದದ ಮೇಲೆ ಗೆದ್ದಿದ್ದೆ. ಆದರೆ ಸಿಂಹಗಡದ ಅಭ್ಯಾಸದಲ್ಲಿ ಪ್ರತಿ ಸಲವೂ ಮೊದಲ ಎರಡು ಕಿ.ಮೀ. ಜೋರು ಮಾಡಿ, ಕೊನೆಯ ಮೂರರಲ್ಲಿ ಹೆಣವಾಗುತ್ತಿದ್ದೆ. 53ರ ಕೆಳಗೆ ಇಳಿಯಲೇ ಇಲ್ಲ.

ಅಪ್ಪ ಹಳ್ಳಿಯ ಪೋಸ್ಟ್‌ಮನ್ ಆಗಿದ್ದವರು. ಇಪ್ಪತ್ತು ಕೆ.ಜಿ.ಯ ಕರಿ ಸೈಕಲ್ ಮೇಲೆ ಮೂವತ್ತು ವರ್ಷ ಟಪಾಲು ಹಂಚಿದರು. ವಿಜಯಪುರ, ಬಾಗಲಕೋಟೆ ಸೀಮೆ ದೇಶಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ನೆಲ. ನಮ್ಮಲ್ಲಿ ಜಾತ್ರೆ ಎಂದರೆ ಸೈಕಲ್ ಶರ್ಯತ್ತು ಇರಲೇಬೇಕು. ಅಪ್ಪ ಶರ್ಯತ್ತಿಗೆ ಹೋದವರಲ್ಲ, ಆದರೆ ಬಯಲಿನ ಗಾಳಿಯ ವಿರುದ್ಧ ಅವರಷ್ಟು ತುಳಿದವರು ಕಡಿಮೆ. ಫೋನಿನಲ್ಲಿ ನನ್ನ ಗೋಳು ಕೇಳಿ ಅವರು ಅಂದದ್ದು ಇಷ್ಟೇ:

‘ತಮ್ಮಾ, ಗುಡ್ಡಾ ಎಲ್ಲಿ ಓಡಿ ಹೊಂಟೈತಿ? ಆಷಾಢದಾಗ ಎದುರು ಗಾಳಿ ಬಂದ್ರ ನಾ ಜೋರ ಮಾಡತಿದ್ದಿಲ್ಲ. ಅದರ ಜೋಡಿ ಜಗಳಾ ಆಡಿದ್ರ ನಾವ ಸೋಲೂದು. ಉಸಿರು ಎಷ್ಟ ಕೊಡತೈತಿ ಅಷ್ಟ ತುಳಿ.’

ಎಕ್ಸೆಲ್ ಶೀಟಿನಲ್ಲಿ ಇಲ್ಲದ ಅಂಕಣ ಇದು. ಮೊಬೈಲಿನಲ್ಲಿ ನೋಡಿಕೊಳ್ಳಲು ಒಂದು ಚೀಟಿ ಮಾಡಿದೆ. ಮೊದಲ ಮೂರು ಕಿ.ಮೀ. ಸುಲಭ ಅನ್ನಿಸಬೇಕು, ನಡುವಿನ ಮೂರು ಕಷ್ಟ ಅನ್ನಿಸಬೇಕು, ಕೊನೆಯ ಮೂರರಲ್ಲಿ ಏನೂ ಅನ್ನಿಸಬಾರದು.

ರೇಸಿನ ದಿನ ನಸುಕಿನಲ್ಲಿ ಎದ್ದು ಎರಡು ತಾಸು ಮೊದಲೇ ಅವಲಕ್ಕಿ, ಬಾಳೆಹಣ್ಣು ತಿಂದೆ. ಟೈರಿನ ಗಾಳಿ, ಚೈನಿನ ಎಣ್ಣೆ, ಎರಡೂ ಬ್ರೇಕ್ ಒಂದೊಂದು ಸಲ ನೋಡಿಕೊಂಡೆ. ಕೊರೆಯುವ ಚಳಿ. ಇಪ್ಪತ್ತು ನಿಮಿಷ ತುಳಿದು ಮೈ ಬಿಸಿ ಮಾಡಿಕೊಂಡೆ. ತಣ್ಣನೆ ಕಾಲಿನಲ್ಲಿ ಏರು ಶುರು ಮಾಡಿದರೆ ಮೊದಲ ಐದು ನಿಮಿಷ ಅಲ್ಲಿಗೇ ಹಾಳು. ನನ್ನ ಸರದಿ ಬಂತು. ಐದು, ನಾಲ್ಕು, ಮೂರು...

ಹೊರಟ ಎರಡನೆಯ ಕಿ.ಮೀ.ಯಲ್ಲೇ ಹಿಂದಿನ ಇಬ್ಬರು ನನ್ನನ್ನು ದಾಟಿದರು. ಹಟ ಕೆರಳಿತು. ‘ಗುಡ್ಡಾ ಎಲ್ಲಿ ಓಡಿ ಹೊಂಟೈತಿ’ ಎಂದು ಹೇಳಿಕೊಂಡೆ. ಐದನೆಯ ಕಿ.ಮೀ. ದಾಟಿದಾಗ ತೊಡೆ ಕಲ್ಲಾಗಿರಲಿಲ್ಲ. ಏಳನೆಯದರಲ್ಲಿ, ನನ್ನನ್ನು ದಾಟಿದ್ದ ಇಬ್ಬರಲ್ಲಿ ಒಬ್ಬ ಮತ್ತೆ ಕಣ್ಣಿಗೆ ಬಿದ್ದ. ಎಂಟನೆಯದರಲ್ಲಿ ಅವನ ಪಕ್ಕದಲ್ಲೇ ದಾಟಿದೆ. ಇಬ್ಬರಿಗೂ ಮಾತಾಡಲು ಉಸಿರಿರಲಿಲ್ಲ, ತಲೆಯಾಡಿಸಿದೆವು. ಕೊನೆಯ ಏರಿನಲ್ಲಿ ಎದ್ದು ನಿಂತು ತುಳಿದೆ.

50 ನಿಮಿಷ 14 ಸೆಕೆಂಡ್.

ಸಹೋದ್ಯೋಗಿ ಹೊಟ್ಟೆ ಹಿಡಿದು ನಕ್ಕ. ‘ಹದಿನಾಲ್ಕೇ ಸೆಕೆಂಡಾ? ಚಕ್ರ ತಗೊಂಡಿದ್ರೆ ಆಗ್ತಿತ್ತಲ್ಲೋ!’ ನಾನು ನೀರು ಕುಡಿಯಲು ಬಾಟಲಿ ಎತ್ತಿದೆ. ಇನ್ನೂ ಅರ್ಧ ತುಂಬಿತ್ತು. ತೂಗಿದರೆ 400 ಗ್ರಾಂ ಇದ್ದೀತು. ಲಕ್ಷದ ಹತ್ತಿರದ ಚಕ್ರ ಉಳಿಸುತ್ತಿದ್ದ ಸಮಯವನ್ನು ಕುಡಿಯದ ನೀರಿನ ರೂಪದಲ್ಲಿ ಬುಡದಿಂದ ತುದಿಗೆ ಹೊತ್ತು ತಂದಿದ್ದೆ. ನನಗೂ ನಗು ತಡೆಯಲಾಗಲಿಲ್ಲ.

ಚೆನ್ನೈನಲ್ಲಿರುವವರಿಗೆ ಏಲಗಿರಿಯ 14 ಹೇರ್‌ಪಿನ್ ತಿರುವುಗಳಿವೆ, ಹೈದರಾಬಾದಿನವರಿಗೆ ಅನಂತಗಿರಿ, ಮುಂಬೈನವರಿಗೆ ಠಾಣೆಯ ಯೇವೂರು ಬೆಟ್ಟ. ಹೊರಡುವ ಮನಸ್ಸಾದರೆ ಖರೀದಿಗೆ ಮೊದಲು ಸೈಕಲ್ಲಿನ ಬ್ರೇಕ್ ರಬ್ಬರ್ ಒಮ್ಮೆ ಬಿಚ್ಚಿ ನೋಡಿ. ಕೇಬಲ್ ಎಳೆದು ನೋಡಿ. ಐದು ನಿಮಿಷದ ಕೆಲಸ.

ಆ ದಿನ ಇಳಿಯುವಾಗ ಗಡಿಯಾರ ನಿಲ್ಲಿಸಿದ್ದೆ. ಪ್ರತಿ ತಿರುವಿಗೂ ಮುಂಚೆ ಬ್ರೇಕ್ ಹಿಡಿದೆ, ಬಿಟ್ಟೆ. ಜೀಪು ಎದುರಾದ ತಿರುವಿನಲ್ಲಿ ನಿಂತು, ಒಂದು ನಿಮಿಷ ಆ ರಸ್ತೆ ನೋಡಿ, ಮತ್ತೆ ಹೊರಟೆ. ಮನೆಗೆ ಫೋನ್ ಮಾಡಿದಾಗ ಹೆಂಡತಿ ‘ಎಷ್ಟು ನಿಮಿಷ ಆಯ್ತು?’ ಎಂದು ಕೇಳಲಿಲ್ಲ. ‘ಇಳಿದ್ರಾ?’ ಎಂದಳು.

‘ಇಳಿದೆ’ ಎಂದೆ.